ನೀಲವ್ವನ ತಂಬಿಗೆಯ ನೀರು

ಮೊನ್ನೆ ಸೊಲ್ಲಾಪುರ ರಸ್ತೆಯ ಕಣ್ಣಿನ ದವಾಖಾನೆಯಲ್ಲಿ ಕಣ್ಣಿಗೆ ಹನಿ ಹಾಕಿ ನನ್ನನ್ನು ಹೊರಗೆ ಬಾಕಿನ ಮೇಲೆ ಕೂರಿಸಿದ್ದರು. ಎದುರಿಗೆ ಹೋಗುವುದು ಬಸ್ಸೋ ಲಾರಿಯೋ ತಿಳಿಯುತ್ತಿರಲಿಲ್ಲ. ಕಣ್ಣು ಕೈಕೊಟ್ಟಾಗ ಮೂಗು ಚುರುಕಾಗುತ್ತದೆ. ಹತ್ತಿರದಲ್ಲೇ ಯಾರೋ ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುತ್ತಿದ್ದರು. ಸೀತನಿ. ಜನವರಿ ಬಂದರೆ ನಮ್ಮ ಕಡೆ ಈ ವಾಸನೆ ಇಲ್ಲದ ಹೊಲವಿಲ್ಲ, ಬಾಯಲ್ಲಿ ನೀರೂರದವರಿಲ್ಲ. ನಾನು ಮಾತ್ರ ಮುಖ ಆಚೆ ತಿರುಗಿಸುತ್ತೇನೆ. ಜೊತೆಗೆ ಬಂದಿದ್ದ ನಮ್ಮ ಮೈದುನನ ಸೊಸೆ, “ಅತ್ತೀ, ಸೀತನಿ ತರಲೇನ್ರಿ?” ಅಂದಳು. ಬ್ಯಾಡ ಅಂದೆ. ಹತ್ತಿರಹತ್ತಿರ ಐವತ್ತು ವರ್ಷದಿಂದ ನಾನು ಅದನ್ನು ಬಾಯಿಗೆ ಹಾಕಿಲ್ಲ. ಈಗ ಹಲ್ಲಿಲ್ಲ ಅನ್ನುವ ನೆಪವಾದರೂ ಇದೆ. ಮೊದಲು ಅದೂ ಇರಲಿಲ್ಲ.

ದೊಡ್ಡ ಬರ ದಾಟಿದ ಎರಡನೇ ವರ್ಷದ ಮಾತು ಇದು. ಈ ವಿಜಯಪುರ ಆಗ ಎಲ್ಲರ ಬಾಯಲ್ಲೂ ಬಿಜಾಪುರವೇ. ನಾವು ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಬದಿಗೆ, ಎರಡು ಖೋಲಿಯ ಮನೆಯಲ್ಲಿದ್ದೆವು. ಗಾಡಿ ಹೋದಾಗಲೆಲ್ಲ ಗೂಡಿನಲ್ಲಿಟ್ಟ ಕಪ್ಪುಬಸಿಗಳು ಕಟಕಟ ಅನ್ನುತ್ತಿದ್ದವು. ನನ್ನ ಗಂಡ ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದರು. ನಾನು ತಿಕೋಟಾದಲ್ಲಿ ಒಬ್ಬ ವಯಸ್ಸಾದ ಡಾಕ್ಟರರು ನಡೆಸುತ್ತಿದ್ದ ಸಣ್ಣ ಹೆರಿಗೆ ದವಾಖಾನೆಯಲ್ಲಿ ನರ್ಸು. ಆ ದವಾಖಾನೆ ಈಗಿಲ್ಲ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಮೂರು ಕಾಟು, ಒಬ್ಬಳು ಆಯಾ, ನಾನು.

ನಾವು ಹುಟ್ಟು ಕಥೋಲಿಕರು, ಮುದಗಲ್ ಕಡೆಯವರು. ನನಗೆ ನರ್ಸಿಂಗ್ ಕಲಿಸಿದವರೂ ಸಿಸ್ಟರುಗಳೇ. ಆದರೆ ನಾನು ಚರ್ಚಿನ ಮೆಟ್ಟಿಲು ತುಳಿಯದೆ ಆ ಹೊತ್ತಿಗೆ ಏಳು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ನನ್ನವರು ಮಡಿ ಅಂಗಿ ಹಾಕಿಕೊಂಡು ಸೈಕಲ್ಲು ಹೊರಗೆ ತೆಗೆಯುತ್ತಿದ್ದರು. ನಾನು ವಾರದ ಬಟ್ಟೆ ನೆನೆಹಾಕಿ ಬೇಕೆಂತಲೇ ಜೋರಾಗಿ ಒಗೆಯುತ್ತಿದ್ದೆ. ಬರತೀಯೇನು ಅಂತ ಅವರು ಒಂದು ದಿನವೂ ಕೇಳಲಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಆಮೇಲೆ ಹೋಗುತ್ತಿದ್ದರು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಏಳು ವರ್ಷದ ಹಿಂದೆ ನನಗೊಂದು ಹೆಣ್ಣುಕೂಸು ಹುಟ್ಟಿತ್ತು. ತಿಂಗಳು ತುಂಬದೆ ಹುಟ್ಟಿದ ಅಂಗೈಯಗಲದ ಕೂಸು. ಬೆಳಿಗ್ಗೆ ಹುಟ್ಟಿ ಸಂಜೆಗೆ ಹೋಯಿತು. ನಮ್ಮಲ್ಲಿ ಕೂಸಿಗೆ ಜ್ಞಾನಸ್ನಾನ ಕೊಟ್ಟು ಧರ್ಮಕ್ಕೆ ಸೇರಿಸುವವರು ಗುರುಗಳು. ಕೂಸು ಸಾಯುವ ಹಾಗಿದ್ದರೆ ಮಾತ್ರ ಗುರುಗಳಿಗೆ ಕಾಯಬೇಕಿಲ್ಲ. ಯಾರಾದರೂ ಸರಿ, ತಲೆಯ ಮೇಲೆ ಮೂರು ಸಲ ನೀರು ಹೊಯ್ದು ಅದಕ್ಕಿರುವ ಒಂದು ಸಾಲು ಹೇಳಿದರೆ ಸಾಕು. ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಕಲಿಸುವ ಮೊದಲೇ ಸಿಸ್ಟರು ನಮಗೆ ಇದನ್ನು ಕಲಿಸಿದ್ದರು. ಆ ದಿನ ಮಗ್ಗುಲಲ್ಲೇ ನೀರಿತ್ತು. ನಮ್ಮ ಅತ್ತೆ, “ಹಾಕವ್ವಾ, ಹೊತ್ತು ಮೀರತೈತಿ” ಅಂತ ಕೈ ಮುಗಿದರು. ನಾನು ಹಾಕಲೂ ಇಲ್ಲ, ಹಾಕಗೊಡಲೂ ಇಲ್ಲ. ಅದು ಸಾಯುವ ಕೂಸಿಗೆ ಹಾಕುವ ನೀರು. ಹಾಕಿದರೆ ನನ್ನ ಮಗಳು ಸಾಯುತ್ತಾಳೆ ಅಂತ ನಾನೇ ಒಪ್ಪಿದ ಹಾಗೆ. ಉಳಿಯುತ್ತಾಳೆ, ನಾಳೆ ಗುರುಗಳು ಬಂದು ನೆಟ್ಟಗೆ ಮಾಡಲಿ ಅಂತ ಹಟ ಹಿಡಿದು ಕೂತೆ. ಜ್ಞಾನಸ್ನಾನವಿಲ್ಲದ ಕೂಸನ್ನು ಮಂತ್ರಿಸಿದ ನೆಲದಲ್ಲಿ ಹೂಳುವಂತಿಲ್ಲ ಅಂತ ಆಗಿನ ಮುದುಕ ಗುರುಗಳು ಹೇಳಿದರು. ಸ್ಮಶಾನದ ಗೋಡೆಯ ಆಚೆ, ಜಾಲಿ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ನನ್ನ ಮಗಳು ಗೋಡೆಯ ಆಚೆ ಇದ್ದರೆ ನಾನೂ ಆಚೆಯೇ ಅಂದೆ. ಅವತ್ತಿನಿಂದ ಭಾನುವಾರ ಬಟ್ಟೆ ಒಗೆಯುವ ದಿನವಾಯಿತು.

ನೀಲವ್ವ ತಿಕೋಟಾದ ಮಗಳು, ನಿಡೋಣಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಬಾಯಿಗೆ ಬಿಡುವೇ ಇಲ್ಲ. ಹೊಟ್ಟೆ ಮುಟ್ಟಿ ನೋಡಲು ಹೋದರೆ, “ಯವ್ವಾ! ನಿಮ್ಮ ಕೈ ಎಷ್ಟ ತಣ್ಣಗ ಅದಾವ್ರಿ ನರ್ಸಬಾಯಿ, ಕೂಸಿಗೆ ನೆಗಡಿ ಬರತೈತಿ” ಅಂತ ಕಿಸಿಕಿಸಿ ನಗುತ್ತಿದ್ದಳು. ಪರೀಕ್ಷೆ ಮುಗಿದರೂ ಎದ್ದು ಹೋಗುತ್ತಿರಲಿಲ್ಲ. ಒಂದು ದಿನ ನಿಮಗ ಮಕ್ಕಳೆಷ್ಟು ಅಂತ ಕೇಳಿದಳು. ಯಾರಿಗೂ ಬಾಯಿ ಬಿಡದಿದ್ದ ನಾನು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನೀರಿನ ವಿಷಯ, ಗೋಡೆಯ ವಿಷಯ, ಎಲ್ಲ. ಅವಳ ನಗು ನಿಂತಿತು. “ಛಲೋ ಮಾಡಿದ್ರಿ ಬಿಡ್ರಿ. ಉಸಿರು ಇರೂತನಕ ತಾಯಾದಾಕಿ ಆಶಾ ಬಿಡಬಾರದು,” ಅಂದಳು. ಏಳು ವರ್ಷದಲ್ಲಿ ನನಗೆ ಛಲೋ ಮಾಡಿದಿ ಅಂದವಳು ಅವಳೊಬ್ಬಳೇ. ಅವತ್ತಿನಿಂದ ಅವಳು ನನಗೆ ಭಾಳ ಬೇಕಾದವಳಾದಳು.

ಶ್ರಾವಣದ ಒಂದು ಮಧ್ಯಾಹ್ನ ಅವಳಿಗೆ ಬೇನೆ ಎದ್ದಿತು. ಮೂರು ದಿನದಿಂದ ಜಿಟಿಜಿಟಿ ಮಳೆ. ನಮ್ಮ ಕರಿಮಣ್ಣು ನೆನೆದರೆ ಕಾಲು ಎತ್ತಿಟ್ಟಲ್ಲಿ ಚಪ್ಪಲಿ ಉಳಿಯುತ್ತದೆ. ಡಾಕ್ಟರರು ಬಿಜಾಪುರಕ್ಕೆ ಔಷಧಿ ತರಲು ಹೋದವರು ಬಂದಿರಲಿಲ್ಲ. ಕೂಸು ಕೊರಳಿಗೆ ಬಳ್ಳಿ ಸುತ್ತಿಕೊಂಡು ಹುಟ್ಟಿತು. ನೀಲಿಗಟ್ಟಿತ್ತು, ಮೈ ಜೋತುಬಿದ್ದಿತ್ತು, ಉಸಿರಿಲ್ಲ. ಬಾಯೊಳಗಿನ ಲೋಳೆ ತೆಗೆದೆ, ಅಂಗಾಲು ತಟ್ಟಿದೆ, ಬೆನ್ನು ತಿಕ್ಕಿದೆ, ಬಾಯಿಗೆ ಬಾಯಿ ಇಟ್ಟು ಊದಿದೆ. ಆಗೊಂದು ಈಗೊಂದು ಬಿಕ್ಕಿದಂತೆ ಮಾಡುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಆಯಾ ಗಾಡಿ ಹುಡುಕಲು ಮಳೆಯಲ್ಲಿ ಓಡಿದಳು. ಕಾಟಿನ ಮೇಲಿಂದ ನೀಲವ್ವ, “ನರ್ಸಬಾಯಿ, ಯಾಕ ಅಳವಲ್ತು?” ಅಂದಳು.

“ಏನೂ ಆಗೂದಿಲ್ಲವ್ವಾ. ನೀ ಸುಮ್ನ ಕಣ್ಣು ಮುಚ್ಚಿ ಮಲಕ್ಕೋ,” ಅಂದೆ.

ಅವಳು ನನ್ನ ಮಾತು ನಂಬಿ ಕಣ್ಣು ಮುಚ್ಚಿದಳು.

ಕೂಸಿನ ಎದೆ ಬಡಿತ ನನ್ನ ಬೆರಳಿಗೆ ಸಿಗದಂತಾಯಿತು. ಹೋಯಿತು ಅಂದುಕೊಂಡೆ. ಆಮೇಲೆ ನಾನು ಮಾಡಿದ್ದಕ್ಕೆ ಒಂದು ನಿಮಿಷವೂ ಹಿಡಿದಿಲ್ಲ. ನೀಲವ್ವನಿಗೆ ಬೆನ್ನು ಮಾಡಿದೆ. ಕುಡಿಯಲೆಂದು ಅವಳ ತವರಿನಿಂದ ತಂದಿಟ್ಟ ಹಿತ್ತಾಳೆ ತಂಬಿಗೆ ಕೈಗೆ ಸಿಕ್ಕಿತು. ಅದರ ಹೊಟ್ಟೆಗೆ ಒಂದು ತಗ್ಗು ಬಿದ್ದಿತ್ತು. ಕೂಸಿನ ನೆತ್ತಿಯ ಮೇಲೆ ಮೂರು ಸಲ ನೀರು ಹೊಯ್ದೆ, ತುಟಿ ಅಲುಗದಂತೆ ಆ ಸಾಲು ಹೇಳಿದೆ. ಹೆಸರು ಹೇಳಬೇಕಾದಲ್ಲಿ ಕೂಸೇ ಅಂತಷ್ಟೇ ಅಂದೆ.

ಮೂರನೆಯ ಸಲದ ನೀರು ಕಿವಿಯ ಕಡೆ ಇಳಿಯುತ್ತಿದ್ದಂತೆ ಕೂಸು ಮೈ ಬಿಗಿಹಿಡಿಯಿತು. ಬಾಯಿ ತೆರೆಯಿತು. ಅತ್ತಿತು.

ಪವಾಡದ ಮಾತು ನನ್ನ ಹತ್ತಿರ ಯಾರೂ ಆಡಬೇಡಿ. ಸಂಜೆ ಬಂದ ಡಾಕ್ಟರರಿಗೆ ಕೈ ಜಾರಿ ತಲೆಯ ಮೇಲೆ ನೀರು ಬಿತ್ತು ಅಂದೆ. ತಣ್ಣೀರು ಬಿದ್ದು ಉಸಿರು ಹತ್ತಿದೆ, ಹಳೇ ಕಾಲದ ಸೂಲಗಿತ್ತಿಯರು ಇದನ್ನೇ ಮಾಡುತ್ತಿದ್ದರು ಅಂತ ಅವರು ನಕ್ಕರು. ಅದೇ ಖರೆ ಇರಬೇಕು. ನಾನೂ ನಕ್ಕೆ. ಆದರೆ ಆವತ್ತು ಬಸ್ಸಿನಲ್ಲಿ ಬರುವಾಗ ನಾನು ಮಾಡಿದ್ದು ಏನು ಅಂತ ಹೊಳೆಯಿತು. ಕೂಸು ಸತ್ತಿದ್ದರೆ ಆ ನೀರಿನ ಮಾತು ಅದರ ಜೊತೆಗೇ ಮಣ್ಣಾಗುತ್ತಿತ್ತು. ಕೂಸು ಬದುಕಿತ್ತು. ನಮ್ಮ ಧರ್ಮದ ಪ್ರಕಾರ ನಿಡೋಣಿಯ ಲಿಂಗಾಯತರ ಮನೆಯ ಗಂಡುಮಗು ಈಗ ಕಥೋಲಿಕ. ಇದು ಗೊತ್ತಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ. ಅದೂ ಆ ಧರ್ಮವನ್ನೇ ಬಿಟ್ಟು ಕೂತವಳು!

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯಲು ನೀಲವ್ವನ ಅತ್ತೆಯೇ ದವಾಖಾನೆಗೆ ಬಂದರು. ನಮ್ಮ ಸೀಮೆಯಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಕೂಗುವವಳು ಸ್ವಾದರತ್ತಿ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ನೀಲವ್ವನ ಗಂಡನಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ. ಮುದುಕಿ ನನ್ನ ಕೈ ಹಿಡಿದು, “ಉಸಿರು ತಂದಾಕಿ ನೀವ ಅದೀರಿ, ಹೆಸರೂ ನೀವ ಕೂಗ್ರಿ,” ಅಂದರು. ನಾ ಬೇರೆ ಜಾತಿ, ನಾ ಬ್ಯಾಡ್ರಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹೋದೆ. ಬಗ್ಗಿ ಕೂಸಿನ ಕಿವಿಯಲ್ಲಿ ಬಸವರಾಜ ಅಂತ ಕೂಗಿದೆ. ಪದ್ಧತಿಯಂತೆ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ದಬದಬ ಗುದ್ದಿದರು. ನನಗೆ ಮಾತ್ರ ಅವರಿಗೆಲ್ಲ ಗೊತ್ತಾಗಿಯೇ ಗುದ್ದುತ್ತಿದ್ದಾರೆ ಅನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಪಾಡು. ಉಡಿ ತುಂಬಿದರು, ಗುಗ್ಗರಿ ಕಟ್ಟಿಕೊಟ್ಟರು. ಅವತ್ತಿನಿಂದ ನೀಲವ್ವ ನರ್ಸಬಾಯಿ ಅನ್ನುವುದನ್ನು ಬಿಟ್ಟು ನನಗೆ ಯಕ್ಕಾ ಅನ್ನತೊಡಗಿದಳು.

ಅವಳು ಯಕ್ಕಾ ಅಂದಾಗಲೆಲ್ಲ ನಾನು ಬೇರೆ ಕೆಲಸದ ನೆಪ ಹುಡುಕುತ್ತಿದ್ದೆ. ದೀಪಾವಳಿಗೆ ಕರದಂಟು ಕಳಿಸಿದಳು, ಕೂಸಿಗೆ ಕುಲಾಯಿ ಹೊಲಿದು ತೋರಿಸಿದಳು, ಎಲ್ಲರೆದುರಿಗೂ ಈಕಿ ಇರಲಿಲ್ಲಂದ್ರ ನನ್ನ ಮಗ ಎಲ್ಲಿರತಿದ್ದ ಅಂತ ಹೊಗಳಿದಳು. ಐದನೇ ತಿಂಗಳಿಗೆ ಅವಳನ್ನು ನಿಡೋಣಿಗೆ ಕರೆದೊಯ್ಯುವವರಿದ್ದರು. ಹೋದರೆ ಪೀಡೆ ಕಳೆಯುತ್ತದೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೇ ಮತ್ತೆ ಅಳು ಬಂತು. ಕ್ರಿಸ್ಮಸ್ಸಿಗೆ ಮೂರು ವಾರವಿರುವಾಗ ಒಂದು ಭಾನುವಾರ ಬಟ್ಟೆ ನೆನೆಹಾಕಲಿಲ್ಲ. “ನಾನೂ ಬರತೀನಿ,” ಅಂದೆ. ನನ್ನವರು ಪಂಪು ತಂದು ಸೈಕಲ್ಲಿನ ಹಿಂದಿನ ಗಾಲಿಗೆ ಗಾಳಿ ಹೊಡೆದರು.

ಹೊಸದಾಗಿ ಬಂದಿದ್ದ ಗುರುಗಳು ಕರಾವಳಿಯವರು, ಇನ್ನೂ ಚಿಕ್ಕವರು, ಪುಸ್ತಕದಂತೆ ಮಾತಾಡುತ್ತಿದ್ದರು. ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, “ಫಾದರ್, ನಾ ಪಾಪ ಹೇಳಾಕ ಬಂದಿಲ್ರಿ. ಒಂದು ಮಾತು ಕೇಳಾಕ ಬಂದೇನಿ,” ಅಂದೆ. ಎಲ್ಲವನ್ನೂ ಹೇಳಿದೆ.

“ನೀರು ಹೊಯ್ಯುವಾಗ ನಿಮಗೆ ನಂಬಿಕೆ ಇತ್ತೇ?” ಅಂತ ಕೇಳಿದರು.

“ಏಳು ವರ್ಷದಿಂದ ಇಲ್ರಿ.”

“ಅದು ಅಡ್ಡಿಯಲ್ಲ. ಹೊಯ್ಯುವವರಿಗೆ ನಂಬಿಕೆ ಇಲ್ಲದಿದ್ದರೂ ಅದು ಜ್ಞಾನಸ್ನಾನವೇ. ಆದರೆ ಮನಸ್ಸು ಬೇಕು. ಧರ್ಮಸಭೆ ಜ್ಞಾನಸ್ನಾನದಲ್ಲಿ ಏನು ಮಾಡುತ್ತದೆಯೋ ಅದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸು ನಿಮಗಿತ್ತೇ? ಅಥವಾ ಗಾಬರಿಯಲ್ಲಿ ಕೈಗೆ ಬಂದದ್ದು ಮಾಡಿದಿರಾ? ಗಾಬರಿಯಲ್ಲಾದರೆ ಅದು ಬರೀ ನೀರು ತಾಯಿ. ನಿಶ್ಚಿಂತೆಯಿಂದ ಮನೆಗೆ ಹೋಗಿ.”

ನಾನು ಬಂದದ್ದೇ ಆ ಮಾತಿಗಾಗಿ. ಗಾಬರಿಯಲ್ಲಿ ಆತ್ರಿ ಅಂದರೆ ಮುಗಿಯಿತು. ಕೂಸು ಅವರದು, ನಾನು ನನ್ನ ಗೋಡೆಯ ಆಚೆ. ದಾರಿಯುದ್ದಕ್ಕೂ ಸೈಕಲ್ಲಿನ ಹಿಂದೆ ಕೂತು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೆ ಅದು ಸುಳ್ಳು. ಆ ತಂಬಿಗೆ ಎತ್ತಿದಾಗ ಇದ್ದಷ್ಟು ಮನಸ್ಸು ನನಗೆ ಜೀವಮಾನದಲ್ಲಿ ಬೇರೆ ಯಾವುದರಲ್ಲೂ ಇರಲಿಲ್ಲ. ಇನ್ನೊಂದು ಕೂಸು ಗೋಡೆಯ ಆಚೆ ಹೋಗಬಾರದು ಅಂತ ನನ್ನ ಮೈಯೆಲ್ಲ ಕೂಗುತ್ತಿತ್ತು.

“ಇತ್ತು ಫಾದರ್,” ಅಂದೆ. ಅಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಬೇರೆಯವರು ಬೆಳಕು ಕಂಡು ದೇವರ ಕಡೆ ಮರಳುತ್ತಾರಂತೆ. ನಾನು ಸಿಕ್ಕಿಬಿದ್ದು ಮರಳಿದೆ.

ಅವರು ನಾನು ಅತ್ತು ಮುಗಿಸುವ ತನಕ ಕಾದರು. ಆಮೇಲೆ, “ಆ ಮಗುವನ್ನು ನಾವು ಯಾರೂ ಕೇಳುವುದಿಲ್ಲ. ಅದು ಆ ತಾಯಿಯದು. ಆದರೆ ಅವಳ ಮಗುವಿಗೆ ಮಾಡಿದ್ದನ್ನು ಅವಳಿಂದಲೇ ಮುಚ್ಚಿಟ್ಟುಕೊಂಡು ನೀವು ಹೇಗೆ ಬದುಕುತ್ತೀರಿ? ನಾನು ಅಪ್ಪಣೆ ಮಾಡುತ್ತಿಲ್ಲ, ಕೇಳುತ್ತಿದ್ದೇನೆ,” ಅಂದರು.

ಏಳುವಾಗ ನಾನೂ ಒಂದು ಪ್ರಶ್ನೆ ಕೇಳಿದೆ. “ನನ್ನ ಮಗಳು ಈಗ ಎಲ್ಲಿದ್ದಾಳ್ರಿ?”

“ನನಗೆ ಗೊತ್ತಿಲ್ಲಮ್ಮ,” ಅಂದರು. “ಗೊತ್ತಿದೆ ಎಂದು ನಿಮಗೆ ಹೇಳಿದವರು ತಪ್ಪು ಮಾಡಿದರು. ಅವಳಿಗಾಗಿ ಪ್ರಾರ್ಥಿಸುತ್ತೇನೆ.” ಗೊತ್ತಿಲ್ಲ ಅನ್ನುವ ಆ ಒಂದು ಮಾತಿನಿಂದ ನನಗೆ ಸಿಕ್ಕಷ್ಟು ಸಮಾಧಾನ ಯಾವ ಉಪದೇಶದಿಂದಲೂ ಸಿಕ್ಕಿರಲಿಲ್ಲ.

ಜನವರಿಯಲ್ಲಿ ಒಂದು ದಿನ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದೆ, ಅಲ್ಲಿಂದ ನಿಡೋಣಿಗೆ. ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಹೊಲದಲ್ಲಿ ಸೀತನಿ ತಿನ್ನುತ್ತಿದ್ದಾರೆ ಅಂದರು. ದೂರದಿಂದಲೇ ನನ್ನನ್ನು ಕಂಡು ನೀಲವ್ವ ಓಡಿಬಂದಳು. “ನೋಡೋ ಬಸೂ, ನಿನ್ನ ಸ್ವಾದರತ್ತಿ ಬಂದಾಳ!” ಅಂತ ಕೂಸನ್ನು ನನ್ನ ತೊಡೆಗೆ ಹಾಕಿದಳು. ದುಂಡಗಾಗಿತ್ತು. ನನ್ನ ಸೀರೆಯ ಸೆರಗನ್ನು ಬಾಯಿಗಿಟ್ಟುಕೊಂಡು ಜಗಿಯತೊಡಗಿತು. ಅವಳ ಅತ್ತೆ ಕೆಂಡದಿಂದ ತೆನೆ ತೆಗೆದು, ಬಡಿದು, ಬಿಸಿ ಕಾಳನ್ನು ಖಾರದ ಶೇಂಗಾ ಹಿಂಡಿಯ ಜೊತೆ ನನ್ನ ಸೆರಗಿಗೆ ಸುರಿದರು. ಇನ್ನಷ್ಟು ತೆನೆ ಮುರಿದು ತರುತ್ತೇನೆ ಅಂತ ಜೋಳದೊಳಗೆ ಹೋದರು. ನೀಲವ್ವ ಕುಡಿಯಲು ನೀರು ಕೊಟ್ಟಳು. ಅದೇ ತಂಬಿಗೆ. ಹೊಟ್ಟೆಗೆ ಅದೇ ತಗ್ಗು.

ಕುಡಿಯಲಾಗಲಿಲ್ಲ. ಹೇಳಿಬಿಟ್ಟೆ.

ಅವಳು ಮೊದಲು ಗಟ್ಟಿಯಾಗಿ ನಕ್ಕಳು. “ಅಷ್ಟ ಏನ್ರಿ ಯಕ್ಕಾ? ಮಾರಿ ಇಷ್ಟ ಸಣ್ಣ ಮಾಡ್ಕೊಂಡೀರಿ! ನಮ್ಮವ್ವ ದರ್ಗಾದ ದಾರಾ ಕಟ್ಟ್ಯಾಳ, ನಮ್ಮತ್ತಿ ಮಠದ ವಿಭೂತಿ ಹಚ್ಚ್ಯಾಳ. ಒಂದು ದೇವರ ನೀರು ಹೆಚ್ಚಿಗಿ ಆತು. ಆಗಲಿ ಬಿಡ್ರಿ.”

ನನಗೆ ಒಮ್ಮೆಲೇ ಮೈ ಹಗುರಾಯಿತು. ಐದು ತಿಂಗಳಿನ ಭಾರ ಇಷ್ಟು ಸಲೀಸಾಗಿ ಇಳಿಯಿತಲ್ಲ ಅಂತ ನಾನೂ ನಕ್ಕೆ. ನಗುತ್ತಿದ್ದ ನೀಲವ್ವ ಹಾಗೇ ನಿಂತುಬಿಟ್ಟಳು. ಹುಬ್ಬು ಗಂಟಿಕ್ಕಿದವು.

“ತಡೀರಿ. ಅದು ಸಾಯೂ ಕೂಸಿಗೆ ಹಾಕೂ ನೀರಲ್ಲೇನ್ರಿ? ಅವತ್ತ ನೀವ ಹೇಳಿದ್ರಿ.”

“ಹೌದು.”

“ಅಂದ್ರ ಏನೂ ಆಗೂದಿಲ್ಲ ಮಲಕ್ಕೋ ಅಂತ ನನಗ ಹೇಳಿ, ಆ ಕಡೆ ತಿರುಗಿ, ನೀವು ನನ್ನ ಮಗನ ಆಶಾ ಬಿಟ್ರಿ.”

ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

“ನಿಮ್ಮ ಮಗಳಿಗೆ ಹಾಕಗೊಡಲಿಲ್ಲ ನೀವು. ಕೊನಿತನಕ ಉಡಿಯಾಗ ಇಟ್ಕೊಂಡು ಕುಂತಿದ್ರಿ. ನನ್ನ ಮಗಗ ಹೆಂಗ ಹಾಕಿದ್ರಿ? ಸಾಯತೈತಿ ಅಂತ ಗೊತ್ತಾಗಿತ್ತಂದ್ರ ನನಗ ಎತ್ತಿ ಕೊಡಬೇಕಾಗಿತ್ತು. ಸತ್ತರ ನನ್ನ ಉಡಿಯಾಗ ಸಾಯತಿತ್ತು. ನಾ ಅಲ್ಲೇ ಮೂರು ಮಾರು ದೂರ, ನಿಮ್ಮ ಮಾತು ನಂಬಿ ಕಣ್ಣು ಮುಚ್ಕೊಂಡು ಮಲಗಿದ್ನಿ.”

ಬಗ್ಗಿ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಅದರ ಬಾಯಲ್ಲಿದ್ದ ನನ್ನ ಸೆರಗನ್ನು ಮೆಲ್ಲಗೆ ಬಿಡಿಸಿದಳು. ಸೆರಗು ಜಾರಿ ಸೀತನಿ ಕಾಳೆಲ್ಲ ಕರಿಮಣ್ಣಿನ ಮೇಲೆ ಚೆಲ್ಲಿದವು.

“ಬಸ್ಸಿನ ಹೊತ್ತಾತ್ರಿ, ನರ್ಸಬಾಯಿ,” ಅಂದಳು.

ಗುರುಗಳ ಮುಂದೆ ನೀರಿನ ಮಾತು ಹೇಳಿದ್ದೆ, ಗೋಡೆಯ ಮಾತು ಹೇಳಿದ್ದೆ. ಏನೂ ಆಗೂದಿಲ್ಲ ಅನ್ನುವ ಈ ಸುಳ್ಳು ನನ್ನ ಪಾಪಗಳ ಪಟ್ಟಿಯಲ್ಲಿ ಬಂದೇ ಇರಲಿಲ್ಲ. ನರ್ಸುಗಳೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಮುಂದಿನ ಭಾನುವಾರ ಹೋಗಿ ಅದನ್ನೂ ಹೇಳಿದೆ. ಕ್ಷಮೆ ಸಿಕ್ಕಿತು. ಏಳು ವರ್ಷದ ಮೇಲೆ ಪರಮಪ್ರಸಾದ ತೆಗೆದುಕೊಂಡೆ, ಪಕ್ಕದಲ್ಲಿ ನನ್ನವರು ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದರು. ಅವತ್ತಿನಿಂದ ಇವತ್ತಿನವರೆಗೆ ಚರ್ಚು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಚರ್ಚಿನಲ್ಲಿ ಸಿಕ್ಕ ಕ್ಷಮೆ ನಿಡೋಣಿಯಲ್ಲಿ ಸಿಗಲಿಲ್ಲ. ನೀಲವ್ವನ ಎರಡನೆಯ ಹೆರಿಗೆ ತವರಿನಲ್ಲಿ ಆಗಲಿಲ್ಲ, ನಿಡೋಣಿಯಲ್ಲೇ ಆಯಿತಂತೆ. ನೀರಿನ ವಿಷಯ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ನನ್ನ ಹೆಸರು ಕೆಡಿಸಲಿಲ್ಲ. ನಾನು ಮಾತ್ರ ಮತ್ತೆ ಯಾರಿಗೂ ಸ್ವಾದರತ್ತಿ ಆಗಲಿಲ್ಲ.

ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ಹೆರಿಗೆ ಮಾಡಿಸಿದೆ. ಅಳದ ಕೂಸುಗಳು ಮತ್ತೂ ಹುಟ್ಟಿದವು. ಕೆಲವು ಉಳಿದವು, ಕೆಲವು ಹೋದವು. ಯಾವ ಕೂಸಿಗೂ ತಾಯಿಯನ್ನು ಕೇಳದೆ ನೀರು ಹಾಕಲಿಲ್ಲ. ನರ್ಸಬಾಯಿ, ಯಾಕ ಅಳವಲ್ತು ಅಂತ ಕಾಟಿನ ಮೇಲಿಂದ ಧ್ವನಿ ಬಂದಾಗ, ಕೂಸನ್ನು ಎತ್ತಿ ಮೊದಲು ಅವಳ ಎದೆಯ ಮೇಲೆ ಇಡುತ್ತಿದ್ದೆ, ಅಲ್ಲೇ ಬಗ್ಗಿ ನನ್ನ ಕೆಲಸ ಮಾಡುತ್ತಿದ್ದೆ.

“ಗೊತ್ತಿಲ್ಲವ್ವಾ,” ಅನ್ನುತ್ತಿದ್ದೆ. “ಕಣ್ಣು ತೆರಿ. ನೀ ಹಿಡಕೋ.”